ಲಾಸ್ ಏಂಜಲೀಸ್‌ನಿಂದ ಟೋಕಿಯೊ: ಹೋಗಲು 12 ಗಂಟೆ, ಬರಲು 10 ಗಂಟೆ. ದೂರ ಒಂದೇ ಅಲ್ವಾ?

ಕಿಟಕಿಸೀಟು:

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಲಾಸ್ ಏಂಜಲೀಸ್‌ನಿಂದ ಟೋಕಿಯೊದ ಹನೆಡಾಗೆ ಹೋಗುವುದಿದೆ. ನೇರ ವಿಮಾನ. ಪೆಸಿಫಿಕ್ ದಾಟುವುದು ನನಗೆ ಇದೇ ಮೊದಲು. ಟಿಕೆಟ್ ಆಗಿದೆ, ಆ ಚಿಂತೆ ಇಲ್ಲ. ಆದರೆ ನಿನ್ನೆ ರಾತ್ರಿ ಸುಮ್ನೆ ಕುತೂಹಲಕ್ಕೆ ದೂರ ಎಷ್ಟು ಅಂತ ಹುಡುಕಲು ಕೂತೆ, ಈಗ ತಲೆ ಪೂರ್ತಿ ಗೋಜಲಾಗಿದೆ.

ಒಂದು ಕ್ಯಾಲ್ಕುಲೇಟರ್ 8,815 ಕಿ.ಮೀ., 9 ಗಂಟೆ 48 ನಿಮಿಷ ಎನ್ನುತ್ತದೆ. ಇನ್ನೊಂದು 8,830 ಕಿ.ಮೀ., 11 ಗಂಟೆ 28 ನಿಮಿಷ. ಮತ್ತೊಂದು ಕಡೆ 8,770 ಅಂತಲೂ ನೋಡಿದೆ. ಟಿಕೆಟ್‌ನಲ್ಲಿ ಮಾತ್ರ ಬೆಳಿಗ್ಗೆ 11:30ಕ್ಕೆ ಹೊರಟು ಮರುದಿನ ಸಂಜೆ 4:35ಕ್ಕೆ ತಲುಪುವುದು, ಒಟ್ಟು 12 ಗಂಟೆ 5 ನಿಮಿಷ. ವಾಪಸ್ ಬರುವಾಗ ಇನ್ನೂ ವಿಚಿತ್ರ. ಹನೆಡಾದಿಂದ ಸಂಜೆ 5ಕ್ಕೆ ಹೊರಟರೆ ಅದೇ ದಿನ ಬೆಳಿಗ್ಗೆ 9:55ಕ್ಕೆ ಲಾಸ್ ಏಂಜಲೀಸ್ ತಲುಪುತ್ತದಂತೆ, ಅಂದರೆ ಹೊರಡುವ ಮೊದಲೇ ತಲುಪಿದ ಹಾಗೆ! ಅದು ಗಡಿಯಾರದ ಆಟ ಅಂತ ಗೊತ್ತು. ಆದರೆ ಪ್ರಯಾಣದ ಸಮಯವೇ 9 ಗಂಟೆ 55 ನಿಮಿಷ ಅಂತ ಬರೆದಿದೆ. ಎರಡು ಗಂಟೆಗೂ ಜಾಸ್ತಿ ವ್ಯತ್ಯಾಸ. ಅದೇ ಎರಡು ನಿಲ್ದಾಣ, ಅದೇ ಸಮುದ್ರ, ವಿಮಾನವೂ ಅದೇ ಮಾದರಿ.

ಇನ್ನೊಂದು. ಸೀಟಿನ ಮುಂದಿನ ಪರದೆಯಲ್ಲಿ ಬರುವ ನಕ್ಷೆಯ ಚಿತ್ರ ಒಬ್ಬರು ಕಳಿಸಿದ್ದರು. ವಿಮಾನ ನೇರವಾಗಿ ಎಡಕ್ಕೆ ಹೋಗುವುದು ಬಿಟ್ಟು ಅಲಾಸ್ಕಾ ಕಡೆ ಬಿಲ್ಲಿನ ಹಾಗೆ ಬಾಗಿಕೊಂಡು ಹೋಗುತ್ತಿದೆ. ಇಂಧನ ಉಳಿಸಬೇಕು ಅನ್ನುವವರು ಇಷ್ಟು ಸುತ್ತುಬಳಸಿ ಯಾಕೆ ಹೋಗುತ್ತಾರೆ? ಹವಾಯಿ ಮೇಲೆ ಹಾದು ಹೋದರೆ ಮಧ್ಯದಲ್ಲಿ ಇಳಿಯಲು ಜಾಗವಾದರೂ ಇರುತ್ತಿತ್ತು.

ಇಷ್ಟೆಲ್ಲ ಕೇಳಲು ಒಂದು ಸ್ವಾರ್ಥವೂ ಇದೆ. ಹನೆಡಾ ಮುಟ್ಟಿದ ಮೇಲೆ ಅಲ್ಲಿಂದಲೇ 6:05ಕ್ಕೆ ದೇಶದೊಳಗಿನ ಇನ್ನೊಂದು ವಿಮಾನ ಹಿಡಿಯುವ ಯೋಚನೆ ಇದೆ, ಬೇರೆ ಟಿಕೆಟ್, ಇನ್ನೂ ತೆಗೆದುಕೊಂಡಿಲ್ಲ. ಕ್ಯಾಲ್ಕುಲೇಟರ್ ಹೇಳಿದ 9 ಗಂಟೆ 48 ನಿಮಿಷ ನಿಜವಾದರೆ ಬೇಕಾದಷ್ಟು ಸಮಯ ಸಿಗುತ್ತದೆ ಅಲ್ವಾ?

ದಾರದಉಂಡೆ:

ಮೊದಲು ದೂರದ ವಿಷಯ ಮುಗಿಸಿಬಿಡೋಣ, ಅದು ಸುಲಭ.

8,770 ನೋಡಿದಿರಲ್ಲ, ಅದು ಹನೆಡಾದ ಲೆಕ್ಕ ಅಲ್ಲ, ನರಿಟಾದ್ದು. ಟೋಕಿಯೊಗೆ ಎರಡು ದೊಡ್ಡ ನಿಲ್ದಾಣ. ನರಿಟಾ ಪೂರ್ವಕ್ಕೆ ಸುಮಾರು 60 ಕಿ.ಮೀ. ದೂರದಲ್ಲಿದೆ, ಅಂದರೆ ಅಮೆರಿಕದಿಂದ ಬರುವವರಿಗೆ ಅಷ್ಟು ಹತ್ತಿರ. ಊರಿನ ಹೆಸರು ಹಾಕಿ ಹುಡುಕಿದರೆ ಯಾವುದೋ ಒಂದನ್ನು ಹಿಡಿದುಕೊಂಡು ಲೆಕ್ಕ ಕೊಡುತ್ತಾರೆ. ಯಾವಾಗಲೂ ನಿಲ್ದಾಣದ ಮೂರಕ್ಷರದ ಕೋಡ್ ಹಾಕಿ ನೋಡಿ.

8,815 ಮತ್ತು 8,830ರ ವ್ಯತ್ಯಾಸ ಭೂಮಿಯ ಆಕಾರದ್ದು. ಮೊದಲನೆಯವರು ಭೂಮಿ ಚೆಂಡಿನಂತೆ ಪೂರ್ತಿ ಗುಂಡಗಿದೆ, ತ್ರಿಜ್ಯ 6,371 ಕಿ.ಮೀ. ಅಂತ ಹಿಡಿದು ಸುಲಭದ ಸೂತ್ರ ಹಾಕಿದ್ದಾರೆ. ಎರಡನೆಯವರು ಭೂಮಿ ಸೊಂಟದಲ್ಲಿ ಸ್ವಲ್ಪ ಉಬ್ಬಿದೆ ಅನ್ನುವುದನ್ನೂ ಸೇರಿಸಿದ್ದಾರೆ. ಸಮಭಾಜಕದಲ್ಲಿ ತ್ರಿಜ್ಯ 6,378, ಧ್ರುವದಲ್ಲಿ 6,357. ಹದಿನೈದು ಕಿಲೋಮೀಟರ್ ಅಂದರೆ ವಿಮಾನಕ್ಕೆ ಒಂದು ನಿಮಿಷ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ತಮಾಷೆ ಏನಂದರೆ ವಿಮಾನ ನೆಲದ ಮೇಲೆ ಅಲ್ಲ, 11 ಕಿ.ಮೀ. ಎತ್ತರದಲ್ಲಿ ಹೋಗುತ್ತದೆ, ಅಲ್ಲಿ ವೃತ್ತ ದೊಡ್ಡದು, ಆ ಎತ್ತರಕ್ಕೇ ಹೆಚ್ಚುಕಡಿಮೆ ಇನ್ನೊಂದು 15 ಕಿ.ಮೀ. ಸೇರುತ್ತದೆ. ಅದನ್ನು ಯಾವ ಕ್ಯಾಲ್ಕುಲೇಟರೂ ಹೇಳುವುದಿಲ್ಲ.

ಇನ್ನು ಬಿಲ್ಲಿನ ವಿಷಯ. ಮನೆಯಲ್ಲಿ ಗ್ಲೋಬ್ ಇದ್ದರೆ ತೆಗೆದುಕೊಳ್ಳಿ, ಒಂದು ದಾರ ತೆಗೆದುಕೊಳ್ಳಿ. ಒಂದು ತುದಿ ಲಾಸ್ ಏಂಜಲೀಸ್ ಮೇಲೆ ಹೆಬ್ಬೆರಳಲ್ಲಿ ಒತ್ತಿ ಹಿಡಿದು ಇನ್ನೊಂದು ತುದಿಯನ್ನು ಟೋಕಿಯೊ ಮೇಲೆ ಎಳೆಯಿರಿ. ಸಡಿಲವಾಗಿ ಹಿಡಿದಾಗ ದಾರ ಎಲ್ಲೆಲ್ಲೋ ಇರುತ್ತದೆ. ಬಿಗಿಯಾಗಿ ಎಳೆಯುತ್ತಾ ಹೋದ ಹಾಗೆ ಅದು ತಾನಾಗಿಯೇ ಜಾರಿಕೊಂಡು ಮೇಲಕ್ಕೆ, ಉತ್ತರಕ್ಕೆ ಹೋಗಿ ನಿಲ್ಲುತ್ತದೆ. ನೀವು ತಳ್ಳಿದ್ದಲ್ಲ, ಅದೇ ಹೋದದ್ದು. ಯಾಕೆಂದರೆ ಅಲ್ಲೇ ದಾರಿ ಗಿಡ್ಡ. ಈ ಎರಡೂ ಊರುಗಳು 34, 35 ಡಿಗ್ರಿ ಉತ್ತರದಲ್ಲಿವೆ, ಆದರೆ ಅವುಗಳ ನಡುವಿನ ಅತಿ ಹತ್ತಿರದ ದಾರಿ ಸುಮಾರು 48 ಡಿಗ್ರಿವರೆಗೂ ಏರಿ ಇಳಿಯುತ್ತದೆ, ಅಲಾಸ್ಕಾದಿಂದ ಬಾಲದ ಹಾಗೆ ಚಾಚಿರುವ ಅಲ್ಯೂಷಿಯನ್ ದ್ವೀಪಗಳಿಗಿಂತ ಸ್ವಲ್ಪ ಕೆಳಗೆ. ನಕ್ಷೆಯಲ್ಲಿ ಕಾಣುವ 'ನೇರ' ಗೆರೆ ಹಿಡಿದು ಅದೇ ಅಕ್ಷಾಂಶದಲ್ಲಿ ಪಶ್ಚಿಮಕ್ಕೆ ಹೋದರೆ 9,300 ಕಿ.ಮೀ. ಆಗುತ್ತದೆ. ಅಂದರೆ 500 ಕಿ.ಮೀ. ದಂಡ. ಬಾಗಿರುವುದು ದಾರಿ ಅಲ್ಲ, ನಕ್ಷೆ.

ಹವಾಯಿ ಅಂದಿರಲ್ಲ, ಅದಂತೂ ಇನ್ನೂ ದೂರ. ಲಾಸ್ ಏಂಜಲೀಸ್‌ನಿಂದ ಹೊನೊಲುಲು 4,110, ಅಲ್ಲಿಂದ ಹನೆಡಾ 6,200. ಕೂಡಿಸಿ ನೋಡಿ, 10,300 ದಾಟಿತು. ನಕ್ಷೆಯಲ್ಲಿ ದಾರಿ ಮಧ್ಯೆ ಸಿಗುವ ಊರಿನ ಹಾಗೆ ಕಾಣುತ್ತದೆ, ಆದರೆ ದಾರಿಯಿಂದ ಎಷ್ಟೋ ಕೆಳಗಿದೆ.

ಸುತ್ತಾಟ್ಗಾರ:

ಹೋಗಿಬರುವ ಸಮಯದ ವ್ಯತ್ಯಾಸ ಭೂಮಿ ತಿರುಗುವುದರಿಂದ ಗುರು. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ನೀವು ಪೂರ್ವಕ್ಕೆ ಹೊರಟರೆ ಭೂಮಿಯ ವೇಗವೂ ಸೇರುತ್ತದೆ, ಪಶ್ಚಿಮಕ್ಕೆ ಹೊರಟರೆ ಕಳೆಯುತ್ತದೆ. ಇಷ್ಟೇ ಲಾಜಿಕ್.

ದಾರದಉಂಡೆ:

ಇಲ್ಲ ಮಾರಾಯ್ರೆ. ಹಾಗಿದ್ದರೆ ಭೂಮಿಯೇ ಪೂರ್ವಕ್ಕೆ ಉರುಳುವಾಗ ಟೋಕಿಯೊ ಊರೇ ನಿಮ್ಮ ಎದುರಿಗೆ ಬರಬೇಕಿತ್ತು, ಪಶ್ಚಿಮಕ್ಕೆ ಹೋಗುವವರೇ ಬೇಗ ತಲುಪಬೇಕಿತ್ತು. ನಿಮ್ಮ ಲಾಜಿಕ್ಕನ್ನು ಎರಡು ಕಡೆಯೂ ತಿರುಗಿಸಬಹುದು, ಅಲ್ಲೇ ಅದರ ಬಣ್ಣ ಗೊತ್ತಾಗುತ್ತದೆ. ಈ ಅಕ್ಷಾಂಶದಲ್ಲಿ ನೆಲ ಗಂಟೆಗೆ ಸುಮಾರು 1,370 ಕಿ.ಮೀ. ವೇಗದಲ್ಲಿ ತಿರುಗುತ್ತಿದೆ. ಅದು ನಿಜಕ್ಕೂ ಲೆಕ್ಕಕ್ಕೆ ಬರುವುದಾಗಿದ್ದರೆ ವ್ಯತ್ಯಾಸ ಎರಡು ಗಂಟೆಯಲ್ಲಿ ನಿಲ್ಲುತ್ತಿರಲಿಲ್ಲ. ನೆಲದ ಜೊತೆ ಗಾಳಿಯೂ ತಿರುಗುತ್ತದೆ, ಗಾಳಿಯಲ್ಲಿರುವ ವಿಮಾನವೂ ತಿರುಗುತ್ತದೆ. ಓಡುವ ಬಸ್ಸಿನೊಳಗೆ ನೊಣ ಡ್ರೈವರ್ ಕಡೆಗೂ ಹಾರುತ್ತದೆ, ಹಿಂದಿನ ಸೀಟಿಗೂ ಹಾರುತ್ತದೆ, ಬಸ್ಸಿನ ವೇಗ ಅದಕ್ಕೆ ಗೊತ್ತೇ ಇರುವುದಿಲ್ಲ.

ರಾತ್ರಿಪಾಳಿ:

ನಾನು ವಿಮಾನಗಳ ಹಾರಾಟದ ಪ್ಲ್ಯಾನ್ ಮಾಡುವ ಕೆಲಸದಲ್ಲಿದ್ದೇನೆ, ನಮ್ಮನ್ನು ಡಿಸ್ಪ್ಯಾಚರ್ ಅನ್ನುತ್ತಾರೆ. ಸಾಗರ ದಾಟುವ ವಿಮಾನಗಳೇ ಜಾಸ್ತಿ. ಆದ್ದರಿಂದ ಈ ಪ್ರಶ್ನೆ ನೋಡಿ ಸುಮ್ಮನೆ ಹೋಗಲು ಆಗಲಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಸುತ್ತಾಟ್ಗಾರ ಅವರು ಪೂರ್ತಿ ತಪ್ಪು ಅಂತಲೂ ಹೇಳಲಾಗದು. ಭೂಮಿ ತಿರುಗುವುದರಿಂದಲೇ ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗಿಕೊಳ್ಳುತ್ತದೆ. ಆದರೆ ವಿಮಾನವನ್ನು ಹಿಡಿಯುವುದು, ತಳ್ಳುವುದು ಆ ಗಾಳಿ. ಅದೇ ಜೆಟ್ ಸ್ಟ್ರೀಮ್. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ, ಅಂದರೆ ಸರಿಯಾಗಿ ವಿಮಾನಗಳು ಹಾರುವ ಎತ್ತರದಲ್ಲೇ, ಹೊಳೆಯ ಹಾಗೆ ಹರಿಯುತ್ತಿರುತ್ತದೆ. ತಣ್ಣನೆಯ ಉತ್ತರ ಮತ್ತು ಬೆಚ್ಚನೆಯ ದಕ್ಷಿಣದ ನಡುವೆ ತಾಪದ ವ್ಯತ್ಯಾಸ ಜಾಸ್ತಿ ಆದಷ್ಟೂ ಅದರ ಸೆಳೆತ ಜಾಸ್ತಿ. ಅದಕ್ಕೇ ಚಳಿಗಾಲದಲ್ಲಿ ಜೋರು. ಜಪಾನ್ ಹತ್ತಿರ ಜನವರಿಯಲ್ಲಿ ಇದು ಗಂಟೆಗೆ 300 ಕಿ.ಮೀ. ದಾಟುವುದು ಹೊಸದೇನಲ್ಲ. ನೀವು ಹೋಗುತ್ತಿರುವುದು ಸರಿಯಾಗಿ ಅದೇ ತಿಂಗಳು.

ಈಗ ಲೆಕ್ಕ. ದೊಡ್ಡ ವಿಮಾನಗಳು ಆ ಎತ್ತರದಲ್ಲಿ ಗಾಳಿಯೊಳಗೆ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತವೆ. 'ಗಾಳಿಯೊಳಗೆ' ಅನ್ನುವುದು ಮುಖ್ಯ. ಗಾಳಿಯೇ ಇಲ್ಲದಿದ್ದರೆ 8,815 ಭಾಗಿಸು 900, 9 ಗಂಟೆ 48 ನಿಮಿಷ. ನಿಮ್ಮ ಮೊದಲ ಕ್ಯಾಲ್ಕುಲೇಟರ್ ಮಾಡಿದ್ದು ಇಷ್ಟೇ. ಎರಡನೆಯದು ಸರಾಸರಿ 805 ಕಿ.ಮೀ., ಅಂದರೆ 500 ಮೈಲಿ ವೇಗ ಹಿಡಿದು ಏರಲು ಇಳಿಯಲು ಅಂತ ಅರ್ಧ ಗಂಟೆ ಸೇರಿಸಿದೆ. ಎರಡೂ ಯಾವತ್ತೂ ಯಾವ ವಿಮಾನವೂ ಹಾರದ ಒಂದು ಹಾರಾಟದ ಸಮಯ. ಯಾಕೆಂದರೆ ಎರಡಕ್ಕೂ ಟೋಕಿಯೊಗೆ ಹೋಗುವುದೂ ಒಂದೇ, ಟೋಕಿಯೊದಿಂದ ಬರುವುದೂ ಒಂದೇ.

ದಾರಿಯುದ್ದಕ್ಕೂ ಸರಾಸರಿ 110 ಕಿ.ಮೀ. ಎದುರುಗಾಳಿ ಇದೆ ಅಂದುಕೊಳ್ಳಿ. ನೆಲಕ್ಕೆ ಹೋಲಿಸಿದರೆ ನಿಮ್ಮ ವೇಗ 790. ಸಮಯ 11 ಗಂಟೆ 10 ನಿಮಿಷ. ಅದೇ ಗಾಳಿ ಹಿಂದಿನಿಂದ ಬಂದರೆ ವೇಗ 1,010, ಸಮಯ 8 ಗಂಟೆ 44 ನಿಮಿಷ. ನಾವು ಇದನ್ನು ಇನ್ನೊಂದು ರೀತಿ ನೋಡುತ್ತೇವೆ. ವಿಮಾನ ಗಾಳಿಯೊಳಗೆ ಎಷ್ಟು ದೂರ ಈಜಬೇಕು? ಹೋಗುವಾಗ 10,050 ಕಿ.ಮೀ., ಬರುವಾಗ 7,860. ಇಂಧನ ತುಂಬಿಸುವುದು ಈ ಲೆಕ್ಕದ ಮೇಲೆ. ನಿಮಗೆ 'ದೂರ ಒಂದೇ ಅಲ್ವಾ' ಅನಿಸುತ್ತದೆ, ನಮ್ಮ ಮೇಜಿನ ಮೇಲೆ ಇವೆರಡೂ ಬೇರೆ ಬೇರೆ ಊರಿಗೆ ಹೋಗುವ ವಿಮಾನಗಳು.

ಹೋಗುವಾಗ ಕಳೆದದ್ದು ಬರುವಾಗ ಸಿಗುತ್ತದೆ ಅಂತ ಸಮಾಧಾನ ಮಾಡಿಕೊಳ್ಳುವವರು ಇದ್ದಾರೆ. ಪೂರ್ತಿ ಸಿಗುವುದಿಲ್ಲ. ಮೇಲಿನ ಅಂಕಿಯಲ್ಲೇ ಕೂಡಿಸಿ ನೋಡಿ. ಗಾಳಿ ಇಲ್ಲದ ದಿನ ಎರಡೂ ಸೇರಿ 19 ಗಂಟೆ 36 ನಿಮಿಷ, ಗಾಳಿ ಇದ್ದ ದಿನ 19 ಗಂಟೆ 54. ಎದುರುಗಾಳಿಯಲ್ಲಿ ನೀವು ಜಾಸ್ತಿ ಹೊತ್ತು ಇರುತ್ತೀರಿ, ತಳ್ಳುವ ಗಾಳಿಯಲ್ಲಿ ಕಡಿಮೆ ಹೊತ್ತು. ಹೊಳೆಯಲ್ಲಿ ದೋಣಿ ಹುಟ್ಟು ಹಾಕಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಇನ್ನು ಟಿಕೆಟ್‌ನ 12 ಗಂಟೆ 5 ನಿಮಿಷ ಎಲ್ಲಿಂದ ಬಂತು? ಅದು ಹಾರಾಟದ ಸಮಯ ಅಲ್ಲ, ಬ್ಲಾಕ್ ಟೈಮ್. ಚಕ್ರದ ಅಡಿ ಇಟ್ಟ ದಿಮ್ಮಿ ತೆಗೆದ ಕ್ಷಣದಿಂದ ಆ ಕಡೆ ಮತ್ತೆ ದಿಮ್ಮಿ ಇಡುವವರೆಗೆ. ಗೇಟಿನಿಂದ ಹಿಂದಕ್ಕೆ ತಳ್ಳುವುದು, ರನ್‌ವೇವರೆಗೆ ತೆವಳುವುದು, ಸಾಲಿನಲ್ಲಿ ನಿಲ್ಲುವುದು, ಆ ಕಡೆ ಇಳಿದು ಗೇಟ್ ಹುಡುಕಿಕೊಂಡು ಹೋಗುವುದು ಎಲ್ಲ ಇದರಲ್ಲಿ ಸೇರಿದೆ. ಎರಡೂ ಕಡೆ ಸೇರಿ ಅರ್ಧ ಗಂಟೆಗೆ ಕಡಿಮೆ ಇಲ್ಲ. ಅದರ ಮೇಲೆ, ಗಾಳಿ ಕೆಟ್ಟದಾಗಿರುವ ದಿನಕ್ಕೂ ಸಾಕಾಗಲಿ ಅಂತ ಕಂಪನಿಗಳು ಸ್ವಲ್ಪ ಸಮಯ ಸೇರಿಸಿಯೇ ವೇಳಾಪಟ್ಟಿ ಮಾಡುತ್ತವೆ. ಅದಕ್ಕೇ ಕೆಲವು ದಿನ ನಲವತ್ತು ನಿಮಿಷ ಮೊದಲೇ ಇಳಿದು 'ಬೇಗ ಬಂದೆವು' ಅಂತ ಘೋಷಿಸುತ್ತಾರೆ.

ಕಿಟಕಿಸೀಟು:

ಅಬ್ಬಾ, ಒಂದೇ ಸಮುದ್ರ ಹೋಗುವಾಗ 10,050, ಬರುವಾಗ 7,860! ಇದನ್ನು ಯಾರೂ ಹೀಗೆ ಹೇಳಿರಲಿಲ್ಲ. ಒಂದು ಅನುಮಾನ. ಗಾಳಿ ಅಷ್ಟು ಜೋರಿದೆ ಅಂತ ಗೊತ್ತಿದ್ದರೆ ಹೋಗುವಾಗ ಅದನ್ನು ತಪ್ಪಿಸಿಕೊಂಡು ಬೇರೆ ದಾರಿಯಲ್ಲಿ ಹೋಗಬಹುದಲ್ಲ? ಮತ್ತೆ, ಮಧ್ಯ ಸಮುದ್ರದಲ್ಲಿ ಎಂಜಿನ್ ಕೈಕೊಟ್ಟರೆ? ನಗಬೇಡಿ, ಇದನ್ನು ಕೇಳಲೇಬೇಕು ಅನಿಸಿತು.

ರಾತ್ರಿಪಾಳಿ:

ನಗುವುದೇನಿಲ್ಲ, ನಮ್ಮ ಕೆಲಸದ ಅರ್ಧ ಭಾಗ ಅದೇ.

ತಪ್ಪಿಸಿಕೊಂಡೇ ಹೋಗುತ್ತಾರೆ. ದಾರಿ ದಿನಾ ಬದಲಾಗುತ್ತದೆ. ಪಶ್ಚಿಮಕ್ಕೆ ಹೋಗುವ ವಿಮಾನವನ್ನು ಜೆಟ್ ಸ್ಟ್ರೀಮ್‌ನ ಉತ್ತರಕ್ಕೆ ಸರಿಸುತ್ತೇವೆ, ಕೆಲವು ದಿನ ಅಲ್ಯೂಷಿಯನ್ ದ್ವೀಪಗಳ ಮೇಲೇ ಹೋಗುತ್ತದೆ. ಪೂರ್ವಕ್ಕೆ ಬರುವ ವಿಮಾನವನ್ನು ಬೇಕಂತಲೇ ದಕ್ಷಿಣಕ್ಕೆ ಇಳಿಸಿ ಗಾಳಿಯ ನಡುಹೊಳೆಗೆ ಬಿಡುತ್ತೇವೆ. ಒಂದು ಲೆಕ್ಕ ನೋಡಿ. ಅತಿ ಹತ್ತಿರದ 8,815 ಕಿ.ಮೀ. ದಾರಿಯಲ್ಲಿ ತಳ್ಳುವ ಗಾಳಿ 60 ಕಿ.ಮೀ. ಮಾತ್ರ ಸಿಕ್ಕರೆ 9 ಗಂಟೆ 11 ನಿಮಿಷ ಬೇಕು. 9,100 ಕಿ.ಮೀ.ನ ಸುತ್ತುದಾರಿಯಲ್ಲಿ 130 ಕಿ.ಮೀ. ಗಾಳಿ ಸಿಕ್ಕರೆ 8 ಗಂಟೆ 50 ನಿಮಿಷ. 285 ಕಿ.ಮೀ. ಜಾಸ್ತಿ ಹೋಗಿ 21 ನಿಮಿಷ ಮೊದಲೇ ತಲುಪಿದ ಹಾಗೆ. ಆದ್ದರಿಂದ ನೀವು ಹೋಗುವ ದಿನ ವಿಮಾನ ನಿಜವಾಗಿ ಎಷ್ಟು ಕಿಲೋಮೀಟರ್ ಹೋಗುತ್ತದೆ ಅನ್ನುವುದು ಹೊರಡುವ ಕೆಲವೇ ಗಂಟೆ ಮೊದಲು ತೀರ್ಮಾನ ಆಗುತ್ತದೆ.

ಎತ್ತರವೂ ಬದಲಾಗುತ್ತದೆ. ಮೊದಲು ವಿಮಾನ ಭಾರ ಇರುತ್ತದೆ, 31 ಅಥವಾ 33 ಸಾವಿರ ಅಡಿಯಲ್ಲಿ ಶುರು ಮಾಡುತ್ತದೆ. ಇಂಧನ ಉರಿದು ಹಗುರ ಆದ ಹಾಗೆ ಮೆಟ್ಟಿಲು ಹತ್ತಿದಂತೆ 37, 39 ಸಾವಿರಕ್ಕೆ ಏರುತ್ತದೆ. ನಡುವೆ ಒಂದು ಸಲ ಎಂಜಿನ್ ಸದ್ದು ಸ್ವಲ್ಪ ಏರಿ ಮೂಗು ಮೇಲಾದರೆ ಹೆದರಬೇಡಿ, ಅದು ಮೆಟ್ಟಿಲು.

ಎಂಜಿನ್ ವಿಷಯ. ಎರಡು ಎಂಜಿನ್ನಿನ ವಿಮಾನ ಮೊದಲು ಇಳಿಯಬಹುದಾದ ನಿಲ್ದಾಣದಿಂದ 60 ನಿಮಿಷಕ್ಕಿಂತ ದೂರ ಹೋಗುವ ಹಾಗಿರಲಿಲ್ಲ. 1985ರಲ್ಲಿ ಎರಡು ಎಂಜಿನ್ನಿನ ಬೋಯಿಂಗ್ 767 ವಿಮಾನಕ್ಕೆ 120 ನಿಮಿಷದ ಅನುಮತಿ ಸಿಕ್ಕಿತು, ಬಾಸ್ಟನ್‌ನಿಂದ ಪ್ಯಾರಿಸ್‌ಗೆ ಅಟ್ಲಾಂಟಿಕ್ ದಾಟಿತು. ಆಮೇಲೆ ಅದು 180 ಆಯಿತು, ಈಗ ಇನ್ನೂ ಜಾಸ್ತಿ ಅನುಮತಿ ಇರುವ ವಿಮಾನಗಳಿವೆ. ಲೆಕ್ಕ ಏನಂದರೆ ಒಂದೇ ಎಂಜಿನ್‌ನಲ್ಲಿ ಹಾರಿಕೊಂಡು ಅಷ್ಟು ನಿಮಿಷದೊಳಗೆ ಎಲ್ಲಾದರೂ ಇಳಿಯಲು ಆಗಬೇಕು. ನಿಮ್ಮ ದಾರಿಗೆ ಹಾಗೆ ಆಸರೆಯಾಗುವುದು ಆ ಬಾಗಿದ ಬಿಲ್ಲಿನ ಉತ್ತರಕ್ಕಿರುವ ಅಲಾಸ್ಕಾದ ಊರುಗಳೇ. ಆಂಕರೇಜ್ ಒಂದು. ಕೋಲ್ಡ್ ಬೇ ಅಂತ ಇನ್ನೊಂದಿದೆ, ನೂರು ಜನವೂ ಇಲ್ಲದಂತಹ ಪುಟ್ಟ ಊರು, ರನ್‌ವೇ ಮಾತ್ರ ಮೂರು ಕಿಲೋಮೀಟರ್. ಆ ಊರಿನ ಹವಾಮಾನ ಹೇಗಿದೆ ಅಂತ ನಾನು ದಿನಾ ರಾತ್ರಿ ನೋಡುತ್ತೇನೆ, ಯಾವತ್ತೂ ಹೋಗಿಲ್ಲ.

ಹಳೆಡೈರಿ:

ಈ ಗಾಳಿಯ ಕತೆಗೆ ಒಂದು ಅಡಿಟಿಪ್ಪಣಿ ಸೇರಿಸುತ್ತೇನೆ, ನನಗೆ ಬಹಳ ಇಷ್ಟವಾದದ್ದು. ಜೆಟ್ ಸ್ಟ್ರೀಮ್ ಅನ್ನು ಮೊದಲು ಅಳೆದವರಲ್ಲಿ ಜಪಾನಿನ ವಾಸಾಬುರೊ ಓಯಿಶಿ ಒಬ್ಬರು. 1920ರ ದಶಕದಲ್ಲಿ ಬಲೂನು ಬಿಟ್ಟು, ಅದು ಎತ್ತ ಓಡುತ್ತದೆ ಅಂತ ನೋಡಿ ನೋಡಿ ಅಳೆದರು. ಬಲೂನು ಮೇಲೇರಿದ ಮೇಲೆ ಅಡ್ಡಕ್ಕೆ ಕಿತ್ತುಕೊಂಡು ಓಡುತ್ತಿತ್ತು. ಪ್ರಪಂಚದ ಎಲ್ಲರೂ ಓದಲಿ ಅಂತ ವರದಿಯನ್ನು ಎಸ್ಪೆರಾಂಟೊದಲ್ಲಿ, ಅಂದರೆ ಎಲ್ಲ ದೇಶದವರಿಗೂ ಒಂದೇ ಇರಲಿ ಅಂತ ಹೊಸದಾಗಿ ಕಟ್ಟಿದ, ಆದರೆ ಕೆಲವರಿಗಷ್ಟೇ ಬರುವ ಭಾಷೆಯಲ್ಲಿ ಪ್ರಕಟಿಸಿದರು. ಅದೇ ಕಾರಣಕ್ಕೆ ಯಾರೂ ಓದಲಿಲ್ಲ! 1944ರ ಕೊನೆಗೆ ಅಮೆರಿಕದ ಬಿ-29 ಬಾಂಬರ್‌ಗಳು ಟೋಕಿಯೊ ಮೇಲೆ ಬಂದಾಗ ಅದೇ ಗಾಳಿಗೆ ಸಿಕ್ಕಿ ಗುರಿ ತಪ್ಪಿದವು. ಅದೇ ಚಳಿಗಾಲದಲ್ಲಿ ಜಪಾನ್ ಅದೇ ಗಾಳಿಗೆ ಸಾವಿರಾರು ಬಾಂಬ್ ಬಲೂನು ಬಿಟ್ಟಿತು, ಎಂಜಿನ್ ಇಲ್ಲದ ಕಾಗದದ ಬಲೂನುಗಳು, ಅವುಗಳಲ್ಲಿ ನೂರಾರು ಕೆಲವೇ ದಿನದಲ್ಲಿ ಇಡೀ ಪೆಸಿಫಿಕ್ ದಾಟಿ ಅಮೆರಿಕದ ಕಡೆ ಬಿದ್ದವು. ನೀವು ವಾಪಸ್ ಬರುವುದು ಅದೇ ದಾರಿಯಲ್ಲಿ.

ಅಟ್ಲಾಂಟಿಕ್‌ನಲ್ಲೂ ಇದೇ ಕತೆ. ನ್ಯೂಯಾರ್ಕ್‌ನಿಂದ ಲಂಡನ್ ಸುಮಾರು 5,550 ಕಿ.ಮೀ., ಸಾಮಾನ್ಯವಾಗಿ ಆರೂವರೆ ಏಳು ಗಂಟೆ. 2020ರ ಫೆಬ್ರವರಿಯಲ್ಲಿ ಬಿರುಗಾಳಿ ಎದ್ದಾಗ ಬ್ರಿಟಿಷ್ ಏರ್‌ವೇಸ್‌ನ 747 ಒಂದು 4 ಗಂಟೆ 56 ನಿಮಿಷಕ್ಕೆ ತಲುಪಿಬಿಟ್ಟಿತು, ನೆಲದ ಲೆಕ್ಕದಲ್ಲಿ ವೇಗ 1,300 ಕಿ.ಮೀ. ದಾಟಿತ್ತು. ಶಬ್ದದ ವೇಗ ಮೀರಿತು ಅಂತ ಕೆಲವರು ಬರೆದರು, ಅದು ತಪ್ಪು. ತನ್ನ ಸುತ್ತಲಿನ ಗಾಳಿಯೊಳಗೆ ಅದು ಎಂದಿನ ವೇಗದಲ್ಲೇ ಇತ್ತು. ನಿಜವಾಗಿ ಮೀರಿದ್ದು ಕಾಂಕಾರ್ಡ್ ಅನ್ನುವ ಪ್ರಯಾಣಿಕ ವಿಮಾನ. 1996ರ ಫೆಬ್ರವರಿಯಲ್ಲಿ ಅದೇ ದಾರಿಯನ್ನು 2 ಗಂಟೆ 52 ನಿಮಿಷ 59 ಸೆಕೆಂಡಿಗೆ ಮುಗಿಸಿತ್ತು. 2003ಕ್ಕೆ ನಿಂತೇ ಹೋಯಿತು. ಈಗ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ.

ಮೂರುಸಲಹೋದವಳು:

ಎಲ್ಲರೂ ಲೆಕ್ಕ ಹೇಳಿದಿರಿ. ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಈ ದಾರಿಯಲ್ಲಿ ಮೂರು ಸಲ ಹೋಗಿಬಂದಿದ್ದೇನೆ, ಎರಡು ಸಲ ಚಳಿಗಾಲದಲ್ಲಿ.

ಹೋಗುವಾಗ ಸೀಟಿನ ಪರದೆಯಲ್ಲಿ 'ನೆಲದ ವೇಗ' ಅಂತ ಒಂದು ಸಾಲು ಬರುತ್ತದೆ, ಅದನ್ನು ನೋಡುತ್ತಿರಿ. ಕ್ಯಾಲಿಫೋರ್ನಿಯಾ ಬಿಟ್ಟ ಮೇಲೆ 860, 870 ಇತ್ತು. ಆರನೇ ಗಂಟೆಗೆ 800. ಜಪಾನ್ ಹತ್ತಿರ ಬಂದ ಹಾಗೆ 740, 720, ಆಮೇಲೆ ಒಮ್ಮೆ 690. ಉಳಿದ ದೂರ 1,200 ಕಿ.ಮೀ. ಅಂತ ತೋರಿಸುತ್ತಿದೆ, ಊಟದ ತಟ್ಟೆ ತೆಗೆದುಕೊಂಡು ಹೋದರು, ನಿದ್ದೆ ಮಾಡಿ ಎದ್ದೆ, ಇನ್ನೂ 800 ಉಳಿದಿದೆ. ವಾಪಸ್ ಬರುವಾಗ ಊಟ ಬರುವ ಮೊದಲೇ 1,150 ಮುಟ್ಟಿತ್ತು. ಅದೇ ಪರದೆಯ ಇನ್ನೊಂದು ಸಾಲಿನಲ್ಲಿ 'ಟೈಲ್‌ವಿಂಡ್', ಅಂದರೆ ಹಿಂದಿನಿಂದ ತಳ್ಳುವ ಗಾಳಿ, ಅಂತ 250ರ ಆಸುಪಾಸು ತೋರಿಸುತ್ತಿತ್ತು. ಇದಕ್ಕಿಂತ ಚೆನ್ನಾಗಿ ಯಾರೂ ಅರ್ಥ ಮಾಡಿಸಲಾರರು. ಅಲುಗಾಟವೂ ಆ ಜಾಗದಲ್ಲೇ ಜಾಸ್ತಿ, ಬೆಲ್ಟ್ ಹಾಕಿಕೊಂಡೇ ಇರಿ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ನೀವು 11:30ಕ್ಕೆ ಹೊರಟು ಸೂರ್ಯನ ಹಿಂದೆಯೇ ಹೋಗುತ್ತೀರಿ. ಹನ್ನೆರಡು ಗಂಟೆ ಕಾಲ ಮಧ್ಯಾಹ್ನ ಮುಗಿಯುವುದೇ ಇಲ್ಲ. ಕಿಟಕಿ ಮುಚ್ಚಿಸಿ ರಾತ್ರಿ ಮಾಡುತ್ತಾರೆ, ನೀವು ಅಂಚು ಸ್ವಲ್ಪ ಎತ್ತಿದರೆ ಕತ್ತಿಯ ಹಾಗೆ ಬಿಸಿಲು ಒಳಗೆ ಬಂದು ಪಕ್ಕದವರು ಬೈಯುತ್ತಾರೆ.

ಈಗ ನಿಮ್ಮ 6:05ರ ವಿಮಾನ. ದಯವಿಟ್ಟು ಬೇಡ. ನಾನೂ ಹೀಗೇ ಒಂದು ಸಲ ಒಂದೂವರೆ ಗಂಟೆ ಇಟ್ಟುಕೊಂಡು ಬೇರೆ ಬೇರೆ ಟಿಕೆಟ್ ತೆಗೆದುಕೊಂಡಿದ್ದೆ. ಬಂದ ವಿಮಾನ 35 ನಿಮಿಷ ತಡ. ಹನೆಡಾದಲ್ಲಿ ಇಳಿದ ಮೇಲೆ ವಲಸೆ ತಪಾಸಣೆಯ ಸಾಲು, ಲಗೇಜ್ ಕಾಯುವುದು, ಕಸ್ಟಮ್ಸ್, ಆಮೇಲೆ ದೇಶದೊಳಗಿನ ವಿಮಾನದ ಟರ್ಮಿನಲ್‌ಗೆ ಬಸ್ಸು. ಹೊರದೇಶದ ವಿಮಾನಗಳು ಹೆಚ್ಚಾಗಿ ಮೂರನೇ ಟರ್ಮಿನಲ್, ಒಳಗಿನವು ಒಂದು ಮತ್ತು ಎರಡು. ಓಡಿಕೊಂಡು ಹೋಗಿ ನಿಂತರೆ ಕೌಂಟರ್ ಮುಚ್ಚಿ ಐದು ನಿಮಿಷ ಆಗಿತ್ತು. ಕೌಂಟರಿನ ಹುಡುಗಿ ಎರಡು ಸಲ ಬಗ್ಗಿ ಕ್ಷಮೆ ಕೇಳಿದಳು, ಆದರೆ ಟಿಕೆಟ್ ಹೋಯಿತು. ಬೇರೆ ಟಿಕೆಟ್ ಆದ್ದರಿಂದ ಮೊದಲ ಕಂಪನಿಗೂ ನಮಗೂ ಸಂಬಂಧ ಇಲ್ಲ ಅಂದರು, ಎರಡನೆಯವರೂ ಅದೇ ಅಂದರು. ಎರಡೂ ಸರಿಯೇ, ತಪ್ಪು ನನ್ನದು.

ಸುತ್ತಾಟ್ಗಾರ:

ಸರಿ, ನೊಣದ ಉದಾಹರಣೆಗೆ ಸೋತೆ. ಆದರೆ ತಾರೀಖಿನ ಬಗ್ಗೆ ಒಂದು ಮಾತು, ಇದರಲ್ಲಿ ಮಾತ್ರ ನಾನು ಪೆಟ್ಟು ತಿಂದು ಕಲಿತಿದ್ದೇನೆ. ಹೋಟೆಲ್ ಬುಕ್ ಮಾಡುವಾಗ ಮರುದಿನದ ತಾರೀಖು ಹಾಕಿ. ನಾನು ಹೊರಟ ದಿನದ್ದೇ ಹಾಕಿ ಒಂದು ರಾತ್ರಿಯ ದುಡ್ಡು ಕಳೆದುಕೊಂಡೆ. ಜನವರಿಯಲ್ಲಿ ಟೋಕಿಯೊ 17 ಗಂಟೆ ಮುಂದೆ. ಮಾರ್ಚ್‌ನಲ್ಲಿ ಅಮೆರಿಕದವರು ಗಡಿಯಾರ ಒಂದು ಗಂಟೆ ಮುಂದೆ ಮಾಡುತ್ತಾರೆ, ಜಪಾನಿನವರು ಮಾಡುವುದಿಲ್ಲ, ಆಗ 16. ಬೇಸಿಗೆಯ ಟಿಕೆಟ್ ನೋಡಿ 'ಒಂದು ಗಂಟೆ ಬೇಗ' ಅಂತ ಮೋಸ ಹೋಗಬೇಡಿ, ಸ್ವಲ್ಪ ಗಾಳಿಯದ್ದು, ಉಳಿದದ್ದು ಗಡಿಯಾರದ್ದು.

ಕಿಟಕಿಸೀಟು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿಪಾಳಿ ಸರ್, ಕೊನೆಯದಾಗಿ ಒಂದೇ ಒಂದು. ನಾನು ಹೋಗುವ ದಿನ ಎಷ್ಟು ಹೊತ್ತಾಗಬಹುದು ಅಂತ ಮೊದಲೇ ಅಂದಾಜು ಮಾಡಬೇಕಾದರೆ ಎಲ್ಲಿ ನೋಡಲಿ?

ರಾತ್ರಿಪಾಳಿ:

ದೂರದ ಕ್ಯಾಲ್ಕುಲೇಟರ್ ಮುಚ್ಚಿಡಿ. ವಿಮಾನ ಎಲ್ಲಿದೆ ಅಂತ ತೋರಿಸುವ ಆ್ಯಪ್‌ಗಳಿವೆಯಲ್ಲ, ಅದರಲ್ಲಿ ನಿಮ್ಮ ವಿಮಾನದ ಸಂಖ್ಯೆ ಹಾಕಿ ಹಿಂದಿನ ಒಂದೆರಡು ವಾರ ಅದು ಎಷ್ಟು ಹೊತ್ತಿಗೆ ಗೇಟ್ ಮುಟ್ಟಿದೆ ಅಂತ ನೋಡಿ. ಸರಾಸರಿ ತೆಗೆಯಬೇಡಿ, ಅದರಲ್ಲಿ ಅತಿ ತಡವಾದ ಎರಡು ದಿನ ನೋಡಿ. ಆ ಹೊತ್ತಿಗೆ ಎರಡು ಗಂಟೆ ಸೇರಿಸಿ ಮುಂದಿನ ವಿಮಾನ ಹುಡುಕಿ. ಹೊರಡುವ ದಿನ ಪೈಲಟ್ ಬಾಗಿಲು ಮುಚ್ಚಿದ ಮೇಲೆ ಹಾರಾಟದ ಸಮಯ ಹೇಳುತ್ತಾರೆ. ಅದು ಟೇಕಾಫ್‌ನಿಂದ ಲ್ಯಾಂಡಿಂಗ್‌ವರೆಗೆ ಮಾತ್ರ, ಟಿಕೆಟ್‌ಗಿಂತ ಕಡಿಮೆ ಕೇಳಿಸುತ್ತದೆ, ಖುಷಿಪಟ್ಟು ಯಾರಿಗೂ ಮೆಸೇಜ್ ಹಾಕಬೇಡಿ.

ಕಿಟಕಿಸೀಟು:

ಈಗಷ್ಟೇ ನೋಡಿದೆ. ಕಳೆದ ಎರಡು ವಾರದಲ್ಲಿ ಎರಡು ದಿನ 5:20 ದಾಟಿದೆ. 6:05 ಬಿಟ್ಟೆ, ರಾತ್ರಿ 8:30ರದ್ದು ತೆಗೆದುಕೊಂಡೆ. ಮನೆಯಲ್ಲಿ ಗ್ಲೋಬ್ ಇರಲಿಲ್ಲ, ಮಗಳ ಫುಟ್‌ಬಾಲ್ ಮೇಲೆ ಪೆನ್ನಲ್ಲಿ ಎರಡು ಚುಕ್ಕಿ ಇಟ್ಟು ದಾರ ಎಳೆದೆ. ಜಾರಿಕೊಂಡು ಮೇಲೆ ಹೋಯಿತು. ಈಗ ಚೆಂಡಿನ ಮೇಲಿನ ಚುಕ್ಕಿ ಹೋಗುತ್ತಿಲ್ಲ, ಮಗಳು ಮಾತು ಬಿಟ್ಟಿದ್ದಾಳೆ.